ಇಳಿದ ವಿಮಾನಕ್ಕೊಂದು ಗೀಟು

ಚನ್ನಪಟ್ಟಣದ ಬೋರಲಿಂಗಯ್ಯ ನಲವತ್ತು ವರ್ಷದಿಂದ ವಿಮಾನ ಮಾಡುತ್ತಿದ್ದಾನೆ. ಮರದ್ದು, ಅಂಗೈಯಗಲದ್ದು, ಅರಗಿನ ಬಣ್ಣದ್ದು. ಅವನು ಕಡೆದದ್ದನ್ನೆಲ್ಲ ಒಂದೇ ಸಲ ಹಾರಿಬಿಟ್ಟಿದ್ದರೆ ಮಾಗಡಿಯಿಂದ ಕನಕಪುರದವರೆಗೆ ಮೂರು ದಿನ ಬಿಸಿಲೇ ಬೀಳುತ್ತಿರಲಿಲ್ಲ. ಅಕ್ಕೂರಿನ ರೇಷ್ಮೆಹುಳುಗಳು ಕತ್ತಲಾಯಿತೆಂದು ಸೊಪ್ಪು ಬಿಟ್ಟು ಮಲಗುತ್ತಿದ್ದವು. ಆದರೆ ನಿಜವಾದ ವಿಮಾನದ ಮೆಟ್ಟಿಲನ್ನು ಮಾತ್ರ ಅವನ ಕಾಲು ಮುಟ್ಟಿರಲಿಲ್ಲ.

ಅಂಥವನನ್ನು ಬಿಟ್ಟು, ದೆಹಲಿಯ ಗೊಂಬೆ ಪ್ರದರ್ಶನಕ್ಕೆ ವಿಮಾನದಲ್ಲಿ ಹೋಗುವ ಒಂದೇ ಒಂದು ಸೀಟು ನಟರಾಜುವಿನ ಪಾಲಾಯಿತು. ನಟರಾಜು ಹೊರಗಿನವನಲ್ಲ, ಬೋರಲಿಂಗಯ್ಯನ ಹೆಂಡತಿ ಸಿದ್ದಮ್ಮನ ತಮ್ಮ. ಹಾರೋಹಳ್ಳಿಯ ಫ್ಯಾಕ್ಟರಿ ಕೆಲಸ ಬಿಟ್ಟು ಬಂದು, ಎರಡು ವರ್ಷದ ಹಿಂದೆ ಈ ಭಾವನಿಂದಲೇ ಉಳಿ ಹಿಡಿಯಲು ಕಲಿತವನು.

ಕಾರಣ, ಗೋಡೆ. ಕಡೆಯುವ ಲೇತಿನ ಮೇಲೆ ಮರ ಸೀಳಿ ಗೊಂಬೆ ಕೆಟ್ಟರೆ, ಕೆಡಿಸಿದವನು ಅರಗಿನ ಕಡ್ಡಿ ಕಾಯಿಸಿ ಗೋಡೆಯಲ್ಲಿ ತನ್ನ ಹೆಸರಿನ ಕೆಳಗೆ ಗೀಟು ಎಳೆಯಬೇಕು. ಬೋರಲಿಂಗಯ್ಯನ ಅಪ್ಪ ಮಾಡಿಟ್ಟ ಕಟ್ಟಳೆ ಅದು. ಚೆನ್ನಾಗಿ ಬಂದದ್ದು ಮೂಟೆ ಸೇರುತ್ತದೆ, ಅದಕ್ಕೆ ಗೀಟಿಲ್ಲ. ಆಯ್ಕೆಗೆ ಬಂದ ಆಫೀಸರು ಆ ಗೋಡೆ ನೋಡಿದರು. ಬೋರಲಿಂಗಯ್ಯನ ಕೆಳಗೆ ನಾನೂರ ಹದಿನಾರು ಗೀಟು, ನಟರಾಜುವಿನ ಕೆಳಗೆ ಐವತ್ತು. ನಟರಾಜುವಿನ ಹೆಸರು ಬರೆದುಕೊಂಡು ಕಾರು ಹತ್ತಿದರು.

ಆ ವಾರ ಬೋರಲಿಂಗಯ್ಯನ ಉರಿಯುವ ಹೊಟ್ಟೆಗೆ ಅರಗಿನ ಕಡ್ಡಿ ತಾಗಿಸಿದ್ದರೆ ಸಾಕಿತ್ತು, ಕರಗಿ ಹರಿಯುತ್ತಿತ್ತು. ಅವನು ಎದುರು ಗೋಡೆಯ ಮೇಲೆ 'ವಿಮಾನ' ಎಂದು ಬರೆದು, ಬಿದ್ದ ವಿಮಾನಕ್ಕೊಂದು ಕಪ್ಪು ಗೀಟು ಎಳೆಯತೊಡಗಿದ. ಹಳೆ ಪೇಪರು ತಿರುವಿದ, ಮೊಬೈಲು ಉಜ್ಜಿದ. ಹೆಸರು ಹೇಳಲು ನಾಲಿಗೆ ತಿರುಗದ ದೇಶಗಳಲ್ಲಿ, ತಾನು ಹುಟ್ಟುವ ಮೊದಲೇ ಬಿದ್ದವನ್ನೂ ಬಿಡಲಿಲ್ಲ.

"ನೋಡ್ಲಾ ನಟರಾಜು, ನೂರಾ ಎಂಬತ್ತು. ಒಂದೂ ಸುಳ್ಳಲ್ಲ."

"ಬುಡು ಭಾವ. ಟಿಕೇಟು ಬಂದ್ಬುಟ್ಟೈತೆ."

"ಬಂದ್ರೆ? ಮೇಲೋದ್ಮೇಲೆ ಕೆಟ್ರೆ, ಮದ್ದೂರಲ್ಲಿ ಬಸ್ಸಿಂದ ಇಳ್ದಂಗೆ ಇಳ್ಯಕಾಯ್ತದೇನ್ಲಾ? ನಂಗೆಂಗೂ ವಯಸ್ಸಾಗೈತೆ. ನಿನ್ ಬದ್ಲು ನಾನೇ ಓಗಿ ಸಾಯ್ತೀನಿ."

"ಅಯ್ಯೋ, ಎಂಥಾ ತ್ಯಾಗ!" ಎಂದಳು ಸಿದ್ದಮ್ಮ. "ಪಂಚೆ ಇಸ್ತ್ರಿ ಮಾಡಿಸ್ಕಂಡು ಸಾಯಕ್ ಕಾಯ್ತಾವ್ರೆ, ನೋಡು!"

ಆದರೆ ಗೀಟುಗಳು ಕೆಲಸ ಮಾಡಿದವು. ನಟರಾಜು ಎರಡು ದಿನ ಮುದ್ದೆ ಮುಟ್ಟಲಿಲ್ಲ. ಮೂರನೆಯ ದಿನ, "ನಂಗ್ ಬ್ಯಾಡ ಭಾವ, ನೀನೇ ಓಗು" ಎನ್ನುವಷ್ಟರಲ್ಲಿ ಬೋರಲಿಂಗಯ್ಯನ ಮಗಳು ದಿವ್ಯ ಬಾಗಿಲಲ್ಲಿ ನಿಂತಿದ್ದಳು. ರಾಮನಗರದ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದುವವಳು. ಗೋಡೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಅಪ್ಪ, ಬಿದ್ದಿದ್ದು ಇಲ್ಲೈತೆ. ಇಳಿದಿದ್ದು ಎಲ್ಲಿ?"

"ಇಳ್ದಿದ್ನ ಯಾರವ್ವ ಬರ್ಕತಾರೆ?"

"ಲೋಕದಲ್ಲಿ ವರ್ಷಕ್ಕೆ ಸುಮಾರು ನಾಲ್ಕು ಕೋಟಿ ಸಲ ವಿಮಾನ ಏರ್ತದೆ. ಜೀವ ಹೋಗೋ ಅಪಘಾತ ಹತ್ತೋ ಹದಿನೈದೋ, ಎಷ್ಟೋ ವರ್ಷ ಅಷ್ಟೂ ಇಲ್ಲ. ಮಾವ, ಏರ್‌ಪೋರ್ಟಿಗೆ ನಮ್ ಹೈವೇಲಿ ತಾನೆ ಹೋಗೋದು? ಹೆದರೋದಿದ್ರೆ ಅಲ್ಲೇ ಹೆದರ್ಕೊ."

ನಟರಾಜುವಿನ ಮುಖಕ್ಕೆ ಬಣ್ಣ ಬಂತು, ಭಾವನ ಮುಖದ್ದು ಹೋಯಿತು. ದಿವ್ಯ ಅಷ್ಟಕ್ಕೇ ಬಿಡದೆ ಅಪ್ಪನ ಗೀಟುಗಳ ಕಡೆ ತಿರುಗಿದಳು.

"ನಲವತ್ತು ವರ್ಷ, ವರ್ಷಕ್ಕೆ ಮುನ್ನೂರು ದಿನ, ದಿನಕ್ಕೆ ನಲವತ್ತು. ನಾಲ್ಕು ಲಕ್ಷದ ಎಂಬತ್ತು ಸಾವಿರ! ನೀನು ಕೆಡಿಸಿರೋದು ಸಾವಿರಕ್ಕೊಂದೂ ಇಲ್ಲ. ಮಾವ ಮಾಡಿರೋದೇ ಹದಿನೈದು ಸಾವಿರ, ಮುನ್ನೂರಕ್ಕೊಂದು ಕೆಡ್ಸವ್ನೆ. ಆಫೀಸರು ನಿಂಗೆ ಮಾಡಿದ್ದನ್ನೇ ನೀನು ವಿಮಾನಕ್ ಮಾಡಿದ್ದೀಯ."

ಬೋರಲಿಂಗಯ್ಯ ಎದ್ದ ರಭಸಕ್ಕೆ ಲೇತು ತಾನಾಗಿ ಎರಡು ಸುತ್ತು ತಿರುಗಿತು. ಆಫೀಸರಿಗೆ ಫೋನು ಹಚ್ಚಿ, ಫೋನಿಲ್ಲದಿದ್ದರೂ ಅವರಿಗೆ ಕೇಳಿಸುವಂತೆ ಕೂಗಿದ: "ಕೆಟ್ಟಿದ್ನೇ ಎಣಿಸ್ಬುಟ್ರೆ ಎಂಗೆ ಸ್ವಾಮಿ? ಸರಿಯಾಗಿ ಬಂದಿದ್ನೂ ಎಣಿಸ್ಬೇಕು!"

ಆಫೀಸರು ಸಮಾಧಾನವಾಗಿ ಕೇಳಿಸಿಕೊಂಡರು. "ನಿಮ್ಮ ಲೆಕ್ಕ ಸರಿ. ತಪ್ಪು ನನ್ನದೇ. ಆದರೆ ಟಿಕೇಟು ನಟರಾಜು ಹೆಸರಲ್ಲಿದೆ, ಹೆಸರು ಬದಲಾಗುವುದಿಲ್ಲ. ಅವರು ಹೋಗದಿದ್ದರೆ ಸೀಟು ಖಾಲಿ ಹೋಗುತ್ತದೆ."

ಫೋನಿಟ್ಟಾಗ ನಟರಾಜು ಎದುರಿಗೇ ನಿಂತಿದ್ದ. "ನೀನ್ ಏಳ್ದಂಗೆ ಭಾವ. ಓಗ್ಲಾ, ಬ್ಯಾಡ್ವಾ?"

ಬೇಡ ಎಂಬ ಮಾತು ಬೋರಲಿಂಗಯ್ಯನ ತುಟಿಯವರೆಗೆ ಬಂದಿತ್ತು. ಖಾಲಿ ಸೀಟು ಹಾರಿಹೋಗುವ ಚಿತ್ರವೇ ಅವನಿಗೆ ತಂಪಾಗಿ ಕಂಡಿತು. ಆದರೆ ಈಗಷ್ಟೇ ಬೀದಿಗೆಲ್ಲ ಕೇಳುವಂತೆ ಕೂಗಿದ ಲೆಕ್ಕ ಇನ್ನೂ ಮಾಡಿನ ಹೆಂಚಿನಲ್ಲಿ ಗುಂಯ್‌ಗುಡುತ್ತಿತ್ತು. ಅವನು ಮೂಟೆಗೆ ಕೈಹಾಕಿ, ತಾನು ಕಡೆದದ್ದರಲ್ಲೇ ಒಳ್ಳೆಯ ಕೆಂಪು ವಿಮಾನವನ್ನು ಹುಡುಕಿ ತೆಗೆದ.

"ಓಗು. ಪ್ರದರ್ಶನದಲ್ಲಿ ಇದ್ನ ಮುಂದೆ ಮಡುಗು. ನಿಂದು ಹಿಂದ್ಗಡೆ ಇರ್ಲಿ."

ಮುಂದಿನ ಸೋಮವಾರ ಮಧ್ಯಾಹ್ನ ದೆಹಲಿಯಿಂದ ಫೋನು ಬಂತು. "ಭಾವ, ಇಳ್ದೆ! ಕಿಟಕಿ ಪಕ್ಕದ್ ಸೀಟು. ಮೋಡ ಎಲ್ಲಾ ನಮ್ ಕೆಳಗ್ ಇತ್ತು!"

ಬೋರಲಿಂಗಯ್ಯ ಹಲ್ಲು ಕಚ್ಚಿದ. "ಊಟ ಏನ್ ಕೊಟ್ರು?"

"ಬ್ರೆಡ್ಡು. ತಣ್ಣಗಿತ್ತು."

"ಒಳ್ಳೇದಾಯ್ತು," ಎಂದ. ಆಫೀಸರು ಬಂದುಹೋದ ಮೇಲೆ ಮೊದಲ ಸಲ ಅವನ ಹೊಟ್ಟೆ ತುಸು ತಣ್ಣಗಾಯಿತು.

ಆಮೇಲೆ ಹಸಿರು ಅರಗಿನ ಕಡ್ಡಿ ಕಾಯಿಸಿ, ನೂರಾ ಎಂಬತ್ತು ಕಪ್ಪು ಗೀಟುಗಳ ಪಕ್ಕದಲ್ಲಿ ಒಂದು ಹಸಿರು ಗೀಟು ಎಳೆದ. ಅದರ ಮುಂದೆ ಬೆರಳಗಲ ಜಾಗ ಬಿಟ್ಟು, ಸುತ್ತ ಚೌಕ ಹಾಕಿದ.

"ಅದ್ಯಾಕೆ ಖಾಲಿ ಬುಟ್ರಿ?" ಎಂದು ಕೇಳಿದಳು ಸಿದ್ದಮ್ಮ.

"ಅದು ನಾನು ಇಳ್ಯೋ ಜಾಗ ಕಣೆ. ಯಾರೂ ಮುಟ್ಬ್ಯಾಡಿ."