ಎಡೆಯ ವಡೆಗೆ ಎಂಜೈಮಿನ ಘಮ

ತಾರಸಿಯ ಮೇಲಿಟ್ಟ ಎಡೆಗೆ ಕಾಗೆ ಬಂತು. ವಡೆ ಕಚ್ಚಿಕೊಂಡು ಹಾರಿತು. ನಮ್ಮ ಭಾವನ ಕಣ್ಣಲ್ಲಿ ನೀರು ನಿಂತಿತು.

ಮೊನ್ನೆ ಪಿತೃಪಕ್ಷದ ಮಾತು. ಅರಸೀಕೆರೆಯಲ್ಲಿ ಅಕ್ಕನ ಮನೆ. ಪಕ್ಕದಲ್ಲೇ ಭಾವನ ಎಣ್ಣೆ ಗಾಣ, ಅವರಪ್ಪ ಹಾಕಿದ್ದು. ಊರೆಲ್ಲ ಕೊಬ್ಬರಿ ವ್ಯಾಪಾರದ ಹಿಂದೆ ಬಿದ್ದಾಗಲೂ ಇವರು ಕಡಲೆಕಾಯಿ ಬಿಡಲಿಲ್ಲ. ಪ್ಯಾಕೆಟ್ ಎಣ್ಣೆ ಬಂದು ಗಿರಾಕಿಗಳು ಕರಗಿದ ಮೇಲೂ ಗಾಣ ನಿಲ್ಲಿಸಲಿಲ್ಲ. ಕಾರಣ ಒಂದೇ, ಘಮ. "ಇದು ಬೇರೆ ಎಲ್ಲೂ ಹುಟ್ಟಲ್ಲ ಕಣೋ" ಎನ್ನುತ್ತಿದ್ದರು. ಅಪ್ಪನ ಎಡೆಯ ವಡೆಯಂತೂ ಈ ಎಣ್ಣೆಯಲ್ಲೇ ಕರಿಯಬೇಕು. ಇಲ್ಲದಿದ್ದರೆ ಅಪ್ಪ ಮುಟ್ಟುವುದಿಲ್ಲವಂತೆ! (ಬದುಕಿದ್ದಾಗಲೂ ಅವರು ಹಾಗೇ. ಮದುವೆ ಮನೆಯಲ್ಲಿ ಹಪ್ಪಳ ಮೂಸಿ ವಾಪಸ್ ಇಡುತ್ತಿದ್ದರು.)

"ನೋಡ್ದಾ? ಘಮಕ್ಕೇ ಬಂದ್ಬಿಟ್ಟ ಅಪ್ಪ" ಎನ್ನುತ್ತಾ ಭಾವ ಊಟಕ್ಕೆ ಕೂತರು. ವಡೆ ಮುರಿದು ಮೂಸಿದರು. "ನಮ್ ಎಣ್ಣೆ ಕಣೋ. ಕಣ್ಣು ಕಟ್ಟಿದ್ರೂ ಹೇಳ್ತೀನಿ."

ಅಷ್ಟರಲ್ಲಿ ಅವರ ಮಗಳು ಸಹನಾ ಅಡುಗೆಮನೆಯಿಂದ ಖಾಲಿ ಬಾಟಲಿ ಹಿಡಿದು ಬಂದಳು. ಮೈಸೂರಿನ ಫುಡ್ ಲ್ಯಾಬೊಂದರಲ್ಲಿ ಅವಳಿಗೆ ಕೆಲಸ. ಮುಖ ಬಿಳಿಚಿಕೊಂಡಿತ್ತು.

"ಅಮ್ಮಾ, ನಾನು ತಂದಿದ್ದ ಸ್ಯಾಂಪಲ್‌ನಲ್ಲಿ ವಡೆ ಕರಿದ್ಬಿಟ್ಯಾ?"

ಅಕ್ಕನಿಗೆ ಗಾಬರಿ. "ಅಯ್ಯೋ, ಮೂಸಿ ನೋಡೇ ಹಾಕ್ದೆ ಕಣೇ. ನಮ್ದೇ ವಾಸ್ನೆ ಇತ್ತಲ್ಲ!"

ಸಹನಾ ನನಗೆ ಮೆಲ್ಲಗೆ ವಿವರಿಸಿದಳು. "ಅದು ಮೊದ್ಲು ವಾಸನೆಯೇ ಇಲ್ಲದ ರಿಫೈನ್ಡ್ ಎಣ್ಣೆ ಮಾಮ. ಕಡಲೆಕಾಯಿ ಹಿಂಡಿಗೆ ಎಂಜೈಮ್ ಹಾಕಿದ್ರೆ ಅದ್ರಲ್ಲಿರೋ ಪ್ರೋಟೀನ್ ಒಡೆಯುತ್ತೆ, ಹೊಟ್ಟೇಲಿ ಊಟ ಅರಗುತ್ತಲ್ಲ, ಹಾಗೆ. ಆಮೇಲೆ ಸಕ್ಕರೆ ಸೇರಿಸಿ ಈ ಎಣ್ಣೇಲಿ ಬಿಸಿ ಮಾಡ್ತೀವಿ. ಹುರಿದ ಘಮ ಬರುತ್ತೆ. ತಿಂದ್ರೆ ಏನೂ ಆಗಲ್ಲ."

ಏನೂ ಆಗಲ್ಲ, ನಿಜ. ಹಾಗಾದರೆ ಯಾರ ಮೇಲೆ ರೇಗುವುದು? ಬೆಳಗಿನಿಂದ ಒಲೆ ಮುಂದೆ ಬೆಂದ ಅಕ್ಕನ ಮೇಲೋ? ಓದಿದ ಮಗಳ ಮೇಲೋ? ಪಾಪ, ಆ ಕಾಗೆಯ ಮೇಲೋ?

ಭಾವನಿಗೂ ಎಲ್ಲ ಕೇಳಿಸಿತ್ತು, ಆದರೂ ರೇಗಲಿಲ್ಲ. "ಅಪ್ಪನಾದ್ರೂ ಬೇಡ ಅನ್ಬೋದಿತ್ತು" ಎಂದರು. ಬಡಿಸಿದ್ದನ್ನೆಲ್ಲ ಹಾಗೇ ಬಿಟ್ಟು ಎದ್ದರು.

ಮಾರನೆಯ ಬೆಳಗ್ಗೆ ನಾನು ಬಸ್ಸಿಗೆ ಹೊರಟಾಗ ಗಾಣದ ಬಾಗಿಲಲ್ಲಿ ಜಾವಗಲ್ಲಿನ ಹೆಂಗಸೊಬ್ಬರು ಕ್ಯಾನ್ ಹಿಡಿದು ನಿಂತಿದ್ದರು. ಹಳೇ ಗಿರಾಕಿ.

"ಅಂಗ್ಡಿ ಎಣ್ಣೇನೂ ಈಗ ಹಿಂಗೇ ಗಮ್ಮಂತೈತಲ್ಲಣ್ಣ. ನಿಮ್ದರಾಗೆ ಬ್ಯಾರೆ ಏನೈತೆ?"

ಹಿಂದಿನ ದಿನ ಕೇಳಿದ್ದರೆ ಅರ್ಧ ಗಂಟೆ ಭಾಷಣ ಆಗುತ್ತಿತ್ತು. ಇವತ್ತು ಭಾವ ಕ್ಯಾನ್ ಇಸಿದುಕೊಂಡು ಎಣ್ಣೆ ಅಳೆಯಲು ಒಳಗೆ ಹೋದರು.

ಅಪ್ಪನಿಗೇ ತಿಳಿಯದ ವ್ಯತ್ಯಾಸವನ್ನು ಗಿರಾಕಿಗೆ ಯಾವ ಬಾಯಲ್ಲಿ ಹೇಳುವುದು, ನೀವೇ ಹೇಳಿ?