ಮಿಶ್ರಿ ಹೊತ್ತು

ನಮ್ಮ ಮೈಸೂರಿನ ಮನೆಯಲ್ಲಿ ಹಲ್ಲುಜ್ಜುವುದು ಬಚ್ಚಲಿನ ಗುಟ್ಟು. ಬಾಯಿ ಮುಕ್ಕಳಿಸದೆ ಯಾರನ್ನಾದರೂ ಮಾತಾಡಿಸಿದರೆ ಅಮ್ಮ ಕಣ್ಣಲ್ಲೇ ಸುಟ್ಟುಬಿಡುತ್ತಿದ್ದಳು. ಆ ಶಿಸ್ತನ್ನೆಲ್ಲ ಗಂಟು ಕಟ್ಟಿಕೊಂಡು, ಎಂಬತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ನಿಪ್ಪಾಣಿಗೆ ಬಂದಿಳಿದೆ. ನನ್ನ ಗಂಡನಿಗೆ ಅಲ್ಲಿ ಟೆಲಿಫೋನ್ ಆಫೀಸಿನಲ್ಲಿ ಕೆಲಸ.

ಮೊದಲ ಬೆಳಿಗ್ಗೆ ರಂಗೋಲಿ ಹಾಕಲು ಬಾಗಿಲು ತೆರೆದವಳು ಹಾಗೇ ನಿಂತೆ. ಎದುರುಮನೆಯ ಕಟ್ಟೆಯ ಮೇಲೆ ಗಲ್ಲಿಯ ಹೆಂಗಸರು ಸಾಲಾಗಿ ಕೂತಿದ್ದರು. ಎಲ್ಲರ ತೋರುಬೆರಳೂ ಬಾಯೊಳಗೆ. ಅವರು ಹಲ್ಲಿಗೆ ತಿಕ್ಕುತ್ತಿದ್ದದ್ದು ಮಿಶ್ರಿ, ಅಂದರೆ ಹೆಂಚಿನ ಮೇಲೆ ಕಪ್ಪಗೆ ಹುರಿದು ಪುಡಿ ಮಾಡಿದ ತಂಬಾಕು. ತಿಕ್ಕುತ್ತ, ಪಿಚಕ್ಕೆಂದು ಗಟಾರಿಗೆ ಉಗುಳುತ್ತ, ಕನ್ನಡ ಮರಾಠಿ ಎರಡನ್ನೂ ಕಲಸಿ ಹರಟುತ್ತಿದ್ದರು. ರಂಗೋಲಿಯನ್ನು ಅರ್ಧಕ್ಕೇ ಬಿಟ್ಟು ಒಳಗೆ ಓಡಿದೆ.

ಕೆಲವು ವಾರ ಮೂಗು ಮುರಿದದ್ದೇ ಬಂತು. ಆದರೆ ಮೂಗು ಮುರಿಯುವವಳಿಗೂ ಮಾತಾಡಲು ಜನ ಬೇಕು. ಬೆಳಿಗ್ಗೆ ಆ ಹೆಂಗಸರು ತಂಬಾಕಿನೆಲೆ ಹಸನು ಮಾಡಲು ವಖಾರಿಗಳಿಗೆ, ಅಂದರೆ ಸಾಹುಕಾರರ ಗೋದಾಮುಗಳಿಗೆ, ಹೋದರೆ ಗಲ್ಲಿಯೇ ಬಿಕೋ ಎನ್ನುತ್ತಿತ್ತು. ಸಂಜೆ ಬಂದವರಿಗೆ ಒಲೆ, ರೊಟ್ಟಿ, ಮಕ್ಕಳು. ಹರಟೆಗೆಂದು ಅವರಿಗೆ ಇದ್ದದ್ದು ಆ ಮಿಶ್ರಿ ಹೊತ್ತೊಂದೇ. ಆಗ ಕೂರದವಳಿಗೆ ಇಡೀ ದಿನ ಬಾಯಿಗೆ ಬೀಗ. ಗೋಡೆಯ ಮೇಲಿನ ಹಲ್ಲಿಯನ್ನು ಊಟ ಆಯ್ತಾ ಎಂದು ಕೇಳುವ ಸ್ಥಿತಿಗೆ ಬಂದೆ.

ಒಂದು ದಿನ ಗಟ್ಟಿ ಮನಸ್ಸು ಮಾಡಿ, ಅಂಗೈಯಲ್ಲಿ ನನ್ನ ಕೆಂಪು ಹಲ್ಲುಪುಡಿ ಹಾಕಿಕೊಂಡು ಗಲ್ಲಿ ದಾಟಿದೆ. ಆ ಕಟ್ಟೆಯ ಒಡತಿ, ಎಲ್ಲರೂ ಆಯಿ ಎನ್ನುತ್ತಿದ್ದ ಮುದುಕಿ, ಸರಿದು ಜಾಗ ಕೊಟ್ಟಳು.

“ಬರ್ರಿ ವೈನಿ, ಕುಂದರ್ರಿ. ಎಷ್ಟ ದಿನಾಂತ ಕಿಡಕ್ಯಾಗಿಂದ ನೋಡ್ತೀರಿ?”

ಎಲ್ಲರೂ ಬಾಯಲ್ಲಿ ಬೆರಳಿಟ್ಟುಕೊಂಡೇ ನಕ್ಕರು. ನಾಚಿಕೆಯಿಂದ ಸತ್ತೆನೆನಿಸಿದರೂ ಏಳಲಿಲ್ಲ. ಆಮೇಲೆ ಅಲ್ಲಿನ ಕಾಯಿದೆಗಳನ್ನು ಕಲಿತೆ. ಉಗುಳುವವರಿಗೆ ಮೊದಲು ದಾರಿ ಬಿಡಬೇಕು. ಅತ್ತೆಯನ್ನು ಬೈಯುತ್ತಿದ್ದವಳು ಅತ್ತೆ ಬಂದೊಡನೆ ಎಮ್ಮೆಯನ್ನು ಬೈಯಲು ಶುರು ಮಾಡಬೇಕು. ಕಟ್ಟೆಯ ಮೇಲೆ ಆಡಿದ ಮಾತನ್ನು ಬಾಯಿ ಮುಕ್ಕಳಿಸಿದ ಮೇಲೆ ಯಾರೂ ಎತ್ತಬಾರದು. ಈ ಕೊನೆಯದನ್ನು ನಮ್ಮಮ್ಮನ ಶಿಸ್ತಿಗಿಂತ ಚೊಕ್ಕವಾಗಿ ಪಾಲಿಸುತ್ತಿದ್ದರು. ಆಸೆಗೆ ಬಿದ್ದು ಒಮ್ಮೆ ಚಿಟಿಕೆ ಮಿಶ್ರಿ ತಿಕ್ಕಿ ತಲೆ ತಿರುಗಿ ಬಿದ್ದಿದ್ದೆ. ಅಂದಿನಿಂದ ಆಯಿ ನನ್ನನ್ನು ನೀನು ಎನ್ನತೊಡಗಿದಳು.

ವರ್ಷದೊಳಗೆ ಬಸುರಿಯಾದೆ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಬಾಯಿಬಿಡಬೇಡ ಎಂದು ಅಮ್ಮ ತಾಕೀತು ಮಾಡಿದ್ದಳು. ಇತ್ತ ಮಿಶ್ರಿಯ ಘಾಟು ಮೂಗಿಗೆ ಬಿದ್ದರೆ ಸಾಕು, ಕರುಳೇ ಕಿತ್ತು ಬರುವಂಥ ವಾಂತಿ. ಬಾಗಿಲು, ಕಿಟಕಿ ಜಡಿದುಕೊಂಡು ಒಳಗೇ ಉಳಿದೆ. ಕಾರಣ ಹೇಳುವಂತಿಲ್ಲ. ಮತ್ತೆ ಸೊಕ್ಕು ಬಂತು ಇವಳಿಗೆ ಎಂದುಕೊಳ್ಳುತ್ತಾರೆ, ಇಷ್ಟು ಕಷ್ಟಪಟ್ಟು ಗಿಟ್ಟಿಸಿದ ಜಾಗ ಹೋಯಿತು ಎಂದು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ.

ನಾಲ್ಕೈದು ದಿನವಾದ ಮೇಲೆ, ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ತೆರೆದರೆ ಇಡೀ ಕಟ್ಟೆಯೇ ನಮ್ಮ ಮೆಟ್ಟಿಲ ಮೇಲೆ ಬಂದು ಕೂತಿತ್ತು. ಯಾರ ಬೆರಳೂ ಬಾಯಲ್ಲಿರಲಿಲ್ಲ. ಮುಖ ತೊಳೆದು, ಬಾಯಿ ಮುಕ್ಕಳಿಸಿ, ಪೂಜೆಗೆ ಬಂದವರಂತೆ ಗಂಭೀರವಾಗಿ ಕೂತಿದ್ದರು.

“ನೀ ಕಾರ್ಕೊಳ್ಳೂದು ಗಲ್ಲಿಗೆಲ್ಲಾ ಕೇಳಾಕತ್ತೈತಿ, ನೀ ಒಬ್ಬಾಕಿ ಗುಟ್ಟ ಮಾಡಾಕತ್ತಿ,” ಎಂದಳು ಆಯಿ. “ಬಾ, ಕುಂದರು. ಇಲ್ಲಿ ಈಗ ಯಾವ ನಾತಾನೂ ಇಲ್ಲ.”

ಕೂತೆ. ಆದರೆ ಅವರ ಹರಟೆ ಶುರುವಾಗಲೇ ಇಲ್ಲ. ಒಬ್ಬಳು ಆಕಳಿಸಿದಳು, ಇನ್ನೊಬ್ಬಳು ಹಣೆ ಒತ್ತಿಕೊಂಡಳು.

“ಯಾಕೆ, ಏನಾದರೂ ಹೇಳಿ,” ಎಂದೆ.

ಆಯಿ ಸಿಡುಕಿದಳು: “ಮಿಶ್ರಿ ಇಲ್ಲದ ನಮಗ ತಲೀನಽ ಓಡೂದಿಲ್ಲವ್ವಾ. ಇವತ್ತ ನೀ ಮಾತಾಡು, ನಾವು ಕೇಳ್ತೀವಿ.”

ಮಾತಾಡಿದೆ. ಹೆರಿಗೆಯ ಭಯ, ಮೈಸೂರಿನ ನೆನಪು, ಗಂಡನ ಗೊರಕೆ, ಎಲ್ಲವನ್ನೂ ಅಳುತ್ತ ನಗುತ್ತ ಹೇಳಿದೆ. ಬೇರೆ ಯಾರ ಮೇಲೂ ನನಗೆ ಅಷ್ಟು ಪ್ರೀತಿ ಉಕ್ಕಿದ್ದಿಲ್ಲ. ವಖಾರಿಗೆ ಹೊತ್ತಾದರೂ ಯಾರೂ ಏಳಲಿಲ್ಲ. ಕೊನೆಗೆ ಎದ್ದು ದಡಬಡ ಹೊರಟವರನ್ನು ನೋಡುತ್ತ ಮೆಟ್ಟಿಲ ಮೇಲೆ ನಿಂತಿದ್ದೆ. ಗಲ್ಲಿಯ ತುದಿ ಮುಟ್ಟಿ, ಗಾಳಿ ನನ್ನ ಕಡೆ ಬೀಸುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಒಬ್ಬೊಬ್ಬರೂ ಸೊಂಟದಿಂದ ಮಿಶ್ರಿ ಡಬ್ಬಿ ತೆಗೆದರು.