ಎಡಗೊಪ್ಪೆ ಹಾಕಿದ ಸಿಪಾಯಿ

ಯಾರಾದರೂ ದೆವ್ವ, ಪವಾಡ ಎಂದು ಶುರುಮಾಡಿದರೆ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ, "ಆಗ ಕರೆಂಟ್ ಇತ್ತಾ?" ಇರಲಿಲ್ಲ ಅಂದರೆ ಅಲ್ಲಿಗೆ ನನ್ನ ವಿಚಾರಣೆ ಮುಗಿಯಿತು. ಸೇಲಂನಲ್ಲಿ ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಭೌತವಿಜ್ಞಾನ ಕಲಿಸಿದವಳು ನಾನು. ಕಣ್ಣಾರೆ ಕಂಡದ್ದನ್ನೂ ಇನ್ನೊಮ್ಮೆ ಅಳೆದು ನೋಡುವ ಜಾತಿ. ಆದರೆ ನನಗೇ ಅನುಭವವಾದಾಗ ಕರೆಂಟ್ ಇತ್ತು. ಮಧ್ಯಾಹ್ನ ಎರಡೂವರೆ, ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು, ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತಿದ್ದಳು. ಇಂಥ ಹೊತ್ತಿನಲ್ಲಿ ವಿಚಿತ್ರ ನಡೆಯಬಾರದು. ನಡೆಯಿತು, ಏನು ಮಾಡಲಿ?

ಐದಾರು ವರ್ಷದ ಹಿಂದಿನ ಮಾತು. ನಮ್ಮ ಯಜಮಾನರು ನಿವೃತ್ತರಾದ ಮೇಲೆ ಹಳೆಯ ಸುದ್ದಿಚಿತ್ರಗಳ ಹುಚ್ಚು ಹಿಡಿಸಿಕೊಂಡಿದ್ದರು. ಹಿಂದೆ ಟಾಕೀಸಿನಲ್ಲಿ ಸಿನಿಮಾಕ್ಕೆ ಮುಂಚೆ ತೋರಿಸುತ್ತಿದ್ದರಲ್ಲ, ಆ ಕಪ್ಪು ಬಿಳುಪು ರೀಲುಗಳು ಈಗ ಇಂಟರ್‌ನೆಟ್ಟಿನಲ್ಲಿ ರಾಶಿ ಬಿದ್ದಿವೆ. ಊಟವಾದ ಕೂಡಲೇ ಅವನ್ನು ಟಿವಿಗೆ ಹಾಕುವುದು, ಹತ್ತು ನಿಮಿಷಕ್ಕೆಲ್ಲ ಗೊರಕೆ ಹೊಡೆಯುವುದು, ಇದು ಅವರ ದಿನಚರಿ. ಪೂರ್ತಿ ನೋಡುತ್ತಿದ್ದವರು ಅವರ ತಾಯಿ, ನಮ್ಮತ್ತೆ. ಕಂಬೈನಲ್ಲೂರಿನ ಹತ್ತಿರದ ಹಳ್ಳಿಯಲ್ಲಿ ಕುರಿ ಕಾದು ಬೆಳೆದವರು, ಎಂಬತ್ತು ದಾಟಿದ ಜೀವ. ವಿಮಾನದಿಂದಿಳಿದ ಯಾವುದೋ ದೇಶದ ಮಂತ್ರಿ ಸಾಲುಸಾಲಾಗಿ ಕೈಕುಲುಕಿದರೆ, "ಇಷ್ಟ್ ಜನ ಕೈ ಕೊಟ್ರು, ಒಬ್ರಾದ್ರೂ ಒಂದ್ ಲೋಟ ಕಾಪಿ ಕೊಟ್ರಾ ನೋಡು" ಅನ್ನುವರು. ದೊರೆಸಾನಿಯರು ಹೊಸ ಫ್ಯಾಷನ್ನಿನ ಟೋಪಿ ಹಾಕಿಕೊಂಡು ಬಳುಕಿದರೆ, "ತಲೆ ಮ್ಯಾಲೆ ಪಂಜ್ರ ಮಡಗವ್ಳೆ. ಕೋಳಿ ಎಲ್ಲೋಯ್ತು?"

ಅವತ್ತು ಟೋಪಿಗಳು ಮುಗಿದು ಯುದ್ಧ ಶುರುವಾಯಿತು. ಯಾವುದೋ ಚಳಿಯ ದೇಶ, ಜಡಿಮಳೆ, ಕೆಸರು. ನಮ್ಮ ಕಡೆಯ ಸಿಪಾಯಿಗಳು ತಟ್ಟೆ ಲೋಟ ಹಿಡಿದು ಚಹಾಕ್ಕೆ ನಿಂತಿದ್ದಾರೆ. ಸಾಲಿನ ಕೊನೆಯಲ್ಲೊಬ್ಬ ತನ್ನ ಕಂಬಳಿಯನ್ನು ಕೊಪ್ಪೆ ಹಾಕಿಕೊಂಡಿದ್ದಾನೆ. ಮಳೆ ಬಂದಾಗ ಕುರಿ ಕಾಯುವವರು ಕಂಬಳಿಯ ಮೂಲೆ ಮಡಿಸಿ ತಲೆಯಿಂದ ಬೆನ್ನಿಗೆ ಇಳಿಬಿಡುತ್ತಾರಲ್ಲ, ಅದೇ ಕೊಪ್ಪೆ. ಅವನ ಮುಖ ಅದರೊಳಗೆ ಮುಚ್ಚಿಹೋಗಿತ್ತು.

ಅತ್ತೆ ನೆಟ್ಟಗೆ ಕೂತರು. "ಅಗಾ, ನಮ್ಮಪ್ಪ."

ನಾನು ನಕ್ಕುಬಿಟ್ಟೆ. ಆಮೇಲೆ ನಾಚಿಕೆಯಾಯಿತು. ಅವರ ತಂದೆ ಯುದ್ಧಕ್ಕೆ ಹೋದಾಗ ಅತ್ತೆ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದರು. ಆತ ತಿರುಗಿ ಬರಲಿಲ್ಲ, ಮನೆಯಲ್ಲಿ ಒಂದು ಫೋಟೋ ಸಹ ಇರಲಿಲ್ಲ. ಅಪ್ಪನ ಮುಖ ಹೇಗಿತ್ತು ಅನ್ನುವುದೊಂದು ಗೊತ್ತಾಗದೆ ಸಾಯುತ್ತೇನಲ್ಲ ಎಂದು ಅತ್ತೆ ನನ್ನ ಹತ್ತಿರ ಎಷ್ಟೋ ಸಲ ಹೇಳಿಕೊಂಡಿದ್ದರು. ತಾಯಿ ಹೇಳಿದ್ದು ಒಂದೇ ಗುರುತು. ಆತ ಎಡಚ, ಊರೆಲ್ಲ ಕೊಪ್ಪೆಯನ್ನು ಬಲಕ್ಕೆ ಮಡಿಸಿದರೆ ಅವನೊಬ್ಬ ಎಡಕ್ಕೆ ಮಡಿಸುತ್ತಿದ್ದ. ಟಿವಿಯಲ್ಲಿದ್ದವನ ಮಡಿಕೆ ಎಡಕ್ಕಿತ್ತು. ರೀಲು ತಿರುವುಮುರುವಾಗಿದ್ದರೆ ಬಲವೂ ಎಡವಾಗಿ ಕಾಣುತ್ತದೆ ಎಂದು ನಾನು ಹಿಂದಿದ್ದ ಲಾರಿಯ ಮೇಲಿನ ಅಕ್ಷರ ಓದಿದೆ. ಅಕ್ಷರಗಳು ಸರಿಯಾಗಿಯೇ ಇದ್ದವು.

"ತಿರ್ಗಾ ಆಕು" ಅಂದರು. ಹಾಕಿದೆ. ಮೂರು ಸಲ ಹಾಕಿದೆ, ಮೂರು ಸಲವೂ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಕೊಪ್ಪೆಯೊಳಗೆ ಬರೀ ಕತ್ತಲೆ. ಅತ್ತೆ ಎದ್ದು ಟಿವಿಯ ಹತ್ತಿರ ಹೋಗಿ, "ಅಪ್ಪಾ" ಎಂದು ಕೂಗಿದರು. ಯಜಮಾನರಿಗೆ ಎಚ್ಚರವಾಯಿತು. "ಅವ್ವಾ, ಅದು ರೆಕಾರ್ಡಿಂಗ್. ಅವ್ರಿಗೆ ಕೇಕ್ಕಾದು" ಎಂದು, ಕೇಳಿಸುವುದಿಲ್ಲ ಅನ್ನುವುದನ್ನು ಅರ್ಧ ತಮಿಳಿನಲ್ಲಿ ತಿಳಿಹೇಳಿದರು. ಅದು ಎಂದೋ ಬಿದ್ದ ಬೆಳಕಿನ ಅಚ್ಚು ಅಷ್ಟೇ ಎಂದು ನಾನೂ ಸೇರಿಸಿದೆ.

"ನೀ ಸುಮ್ಕಿರು ಟೀಚರಮ್ಮ, ನಿಮ್ಮಪ್ಪನ್ನಾ ಕರೀತಿರಾದು ನಾನು?" ಎಂದು ನನ್ನ ಬಾಯಿ ಮುಚ್ಚಿಸಿ ನಾಲ್ಕನೆಯ ಸಲ ಹಾಕಿಸಿದರು. ಚಹಾದ ಸಾಲು ಬಂತು. "ಅಪ್ಪಾ, ನಾನ್ ಕಣಪ್ಪಾ, ನಿನ್ ಮಗ್ಳು. ನೀ ಓದಾಗ ಒಟ್ಟೇಲಿದ್ದೆ. ಕೊಪ್ಪೆ ಒಸಿ ತೆಗಿ, ಮೊಕ ನೋಡ್ಬುಡ್ತೀನಿ."

ಅವನು ಎಡಗೈ ಎತ್ತಿ ಕೊಪ್ಪೆಯನ್ನು ಹಿಂದಕ್ಕೆ ತಳ್ಳಿದ.

ಇಪ್ಪತ್ತೆರಡರ ಹುಡುಗ. ತುದಿ ದಪ್ಪಗಿರುವ ಮೂಗು, ನನ್ನ ಪಕ್ಕದಲ್ಲಿ ಬಾಯಿ ತೆರೆದುಕೊಂಡು ಕೂತಿದ್ದ ಯಜಮಾನರ ಮೂಗೇ. ಅತ್ತೆ ಟಿವಿಯ ಗಾಜಿನ ಮೇಲೆ ಕೈಯಿಟ್ಟು ತಮ್ಮ ಮೂಗನ್ನೊಮ್ಮೆ ಮುಟ್ಟಿಕೊಂಡರು. ನನಗೆ ಹೆದರಿಕೆಯಾಗಲಿಲ್ಲ, ಅಳು ಬಂತು.

ಅವತ್ತಿನಿಂದ ಯಾವಾಗ ಹಾಕಿದರೂ ಅವನು ಕೊಪ್ಪೆ ತೆಗೆಯುತ್ತಾನೆ. ಬೇರೊಂದು ಕಡೆ ಅದೇ ರೀಲಿನ ಇನ್ನೊಂದು ಪ್ರತಿ ಹುಡುಕಿ ನೋಡಿದೆ, ಅದರಲ್ಲೂ ತೆಗೆಯುತ್ತಾನೆ. ಮೊದಲೂ ತೆಗೆದಿದ್ದ, ನೀನೇ ಸರಿಯಾಗಿ ನೋಡಲಿಲ್ಲ ಅನ್ನುವುದು ಯಜಮಾನರ ವಾದ. ಆ ಮೂರೂ ಸಲ ಗೊರಕೆ ಹೊಡೆಯುತ್ತಿದ್ದ ಸಾಕ್ಷಿಯ ಮಾತಿಗೆ ಬೆಲೆ ಎಷ್ಟೋ ನೀವೇ ಹೇಳಿ. ಅತ್ತೆಯ ಕಣ್ಣಿನಲ್ಲಿ ಪೊರೆ. ಉಳಿದವಳು ನಾನೊಬ್ಬಳು, ನನ್ನನ್ನು ನಾನೇ ನಂಬಬೇಕು, ಅದು ಕಷ್ಟವಾಗಿದೆ.

ಮುಖ ನೋಡಿದ ಮೇಲೆ ಅತ್ತೆ ನೆಮ್ಮದಿಯಾಗಿರುತ್ತಾರೆ ಅಂದುಕೊಂಡಿದ್ದೆ. ವಾರ ಕಳೆಯಿತು, ಅವರಿಗೆ ಹೊಸ ಚಿಂತೆ ಹತ್ತಿತು. "ನಾ ಎಂಥಾ ಮಗ್ಳು ನೋಡು. ಕೊಪ್ಪೆ ತೆಗಿ ಅಂದೆ, ತಿರ್ಗಾ ಆಕ್ಕೊ ಅನ್ನಾದ್ ಮರ್ತೆ. ಮಗ ಮಳೇಲಿ ನೆಂದ್ಕಂಡ್ ನಿಂತವ್ನೆ." ಇವತ್ತಿಗೂ ದಿನಾ ಊಟವಾದ ಮೇಲೆ ಟಿವಿಯ ಮುಂದೆ ನಿಂತು ಹೇಳುತ್ತಾರೆ, "ಆಕ್ಕಳಪ್ಪಾ, ಸೀತ ಆಯ್ತದೆ." ಅವನಿಗೆ ಕೇಳಿಸುವುದಿಲ್ಲ.

ಮೊನ್ನೆ ಅಮ್ಮ, ಮಗ ಕಣ್ಣಾಸ್ಪತ್ರೆಗೆ ಹೋಗಿದ್ದರು. ಮನೆಯಲ್ಲಿ ನಾನೊಬ್ಬಳೇ. ಬಾಗಿಲ ಚಿಲಕ ಹಾಕಿ, ಕಿಟಕಿ ಮುಚ್ಚಿ, ಆ ರೀಲು ಹಾಕಿದೆ. ಭೌತವಿಜ್ಞಾನದ ಟೀಚರು ನಾನು, ನನಗಿಂತ ಎಷ್ಟೋ ಚಿಕ್ಕವನಾದ ಆ ಹುಡುಗನಿಗೆ, "ತಾತ, ತಲೆ ಮುಚ್ಕೊಳ್ಳಿ" ಅಂದೆ. ಎರಡು ಸಲ ಅಂದೆ. ಮುಚ್ಚಿಕೊಳ್ಳಲಿಲ್ಲ.